ಕಪಿಲೆಯ ನೀರೂ ಬೆಳಕಿನ ಸಾಕ್ಷ್ಯವೂ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಭಕ್ತರು ಮೀಯುವ ಕಪಿಲೆಯೇ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವಳೆಂಬುದು ವಾಚಕರಿಗೆ ತಿಳಿದ ವಿಷಯವೇ. ಆ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳವು 2025ರ ಫೆಬ್ರವರಿಯಲ್ಲಿಯೂ ನೆರವೇರಿತು. ಹೀಗಿರಲು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2018ರಲ್ಲಿ ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಪಿಲೆಯನ್ನು ಮಲಿನವಾದ ನದೀಭಾಗಗಳ ಪಟ್ಟಿಯಲ್ಲಿ ಸೇರಿಸಿದ್ದು ನಮಗೆ ವ್ಯಸನಕರ.

ಇಂಥ ತೀರ್ಪಿಗೆ ಆಧಾರವೇನು? ಸ್ನಾನಯೋಗ್ಯವಾದ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಮಿಗೆ ಕಡಿಮೆಯಿಲ್ಲದಂತೆ ಆಮ್ಲಜನಕ ಕರಗಿರಬೇಕು. ನೀರಿನ ಕೊಳೆಯು ನುಂಗುವ ಆಮ್ಲಜನಕವು 3 ಮಿಲಿಗ್ರಾಮನ್ನು ಮೀರಬಾರದು. ನೀರನ್ನು ಮೊದಲೊಮ್ಮೆ, ಕೆಲವು ದಿನ ಕತ್ತಲೆಯಲ್ಲಿಟ್ಟ ಬಳಿಕ ಮತ್ತೊಮ್ಮೆ ಪರೀಕ್ಷಿಸಿದರೆ, ನಷ್ಟವಾದ ಆಮ್ಲಜನಕದ ಲೆಕ್ಕ ದೊರೆಯುವುದು.

ವಿಂಕ್ಲರ್ ಎಂಬ ಪಂಡಿತನು 1888ರಲ್ಲಿ ಪ್ರಕಟಿಸಿದ ಕ್ರಮದಂತೆ, ಕರಗಿದ ಆಮ್ಲಜನಕಕ್ಕೆ ಸಮನಾದ ಅಯೋಡಿನ್ ನೀರಿನಲ್ಲಿ ಬಿಡುಗಡೆಯಾಗುತ್ತದೆ. ಗಂಜಿಹಿಟ್ಟಿನ ತಿಳಿಯಿಂದ ಅದು ನೀಲಿಯಾಗುತ್ತದೆ. ಬ್ಯೂರೆಟ್ಟಿನಿಂದ ಥಯೋಸಲ್ಫೇಟನ್ನು ತೊಟ್ಟುತೊಟ್ಟಾಗಿ ಬಿಟ್ಟು, ನೀಲಿ ಅಳಿದೊಡನೆ ನಿಲ್ಲಿಸತಕ್ಕದ್ದು. ಇದೇ ಟೈಟ್ರೇಷನ್. ಆದರೆ ಬಣ್ಣವು ಅಳಿಯಿತೆಂದು ಹೇಳುವುದು ಯಾರ ಕಣ್ಣು? ಒಬ್ಬನಿಗೆ ಅಳಿದಂತೆ ತೋರಿದ ಬಣ್ಣ ಮತ್ತೊಬ್ಬನಿಗೆ ಉಳಿದಂತೆ ತೋರಬಹುದು. ಮಿತಿಯ ಅಂಚಿನಲ್ಲಿರುವ ನೀರಿಗೆ ಒಂದೆರಡು ತೊಟ್ಟಿನ ತಪ್ಪೇ ತೀರ್ಪನ್ನು ಬದಲಿಸೀತು.

ಬೆಳಕಿನ ಯಂತ್ರವು ಈ ಸಂದೇಹವನ್ನು ಪರಿಹರಿಸಬಲ್ಲುದು. ಪಾತ್ರೆಯ ಒಂದು ಕಡೆ ದೀಪ, ಇನ್ನೊಂದು ಕಡೆ ಬೆಳಕನ್ನು ಅಳೆಯುವ ಸಾಧನ. ನೀಲಿಯು ತಗ್ಗಿದಂತೆಲ್ಲ ದಾಟಿಬರುವ ಬೆಳಕು ಹೆಚ್ಚುತ್ತದೆ. ಹೆಚ್ಚುವುದು ನಿಂತ ಬಿಂದುವನ್ನು ಗುರುತಿಸಿ ಯಂತ್ರವು ಬ್ಯೂರೆಟ್ಟನ್ನು ನಿಲ್ಲಿಸಿ ಲೆಕ್ಕವನ್ನು ಬರೆದಿಡುತ್ತದೆ. ಅದಕ್ಕೆ ಬೇಸರವಿಲ್ಲ, ದಾಕ್ಷಿಣ್ಯವೂ ಇಲ್ಲ. ಬೇಕಾದ ಭಾಗಗಳು ಸಣ್ಣ ದೀಪ, ಡಯೋಡ್, ಮೋಟಾರು ಇಷ್ಟೇ ಆದುದರಿಂದ, ನಮ್ಮ ಕಾಲೇಜುಗಳ ತರುಣರೇ ಇದನ್ನು ರಚಿಸಬಲ್ಲರು. ಪರದೇಶದ ದುಬಾರಿ ಸಲಕರಣೆಗಾಗಿ ಕಾದು ಕುಳಿತಿರಬೇಕಾಗಿಲ್ಲ.

ಆದರೂ ಯಂತ್ರವೇ ಸತ್ಯವೆಂದು ನಾವು ಹೇಳುವುದಿಲ್ಲ. ಹಳಸಿ ಶಕ್ತಿಗುಂದಿದ ಥಯೋಸಲ್ಫೇಟನ್ನು ತುಂಬಿದರೆ ಅದು ತಪ್ಪನ್ನೇ ನಿಷ್ಠೆಯಿಂದ ಪುನರುಕ್ತಿ ಮಾಡುವುದು. ಮಳೆಗಾಲದ ಕೆಸರೂ ಗಾಳಿಗುಳ್ಳೆಗಳೂ ಬೆಳಕನ್ನು ಮೋಸಗೊಳಿಸುವುವು. ನೀರನ್ನು ಯಾವ ಸ್ಥಳದಲ್ಲಿ, ಯಾವ ಹೊತ್ತಿನಲ್ಲಿ ತುಂಬಬೇಕೆಂಬುದನ್ನು ಮನುಷ್ಯನೇ ನಿರ್ಧರಿಸಬೇಕು; ಆಮ್ಲಜನಕವನ್ನು ನದೀತೀರದಲ್ಲಿಯೇ ಕೂಡಲೆ ಬಂಧಿಸಬೇಕು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ನಂಜನಗೂಡಿನ ಸ್ನಾನಘಟ್ಟದಲ್ಲಿಯೂ ನರಸೀಪುರದ ಸಂಗಮದಲ್ಲಿಯೂ ನಿಯತಕಾಲಕ್ಕೆ ಪರೀಕ್ಷೆ ನಡೆಸಿ, ಫಲವನ್ನು ಕನ್ನಡದಲ್ಲಿ ಬರೆದು ಅಲ್ಲಿಯೇ ತೂಗುಹಾಕಲಿ. ನದಿಯ ಸ್ಥಿತಿಯನ್ನು ಅರಿಯುವ ಹಕ್ಕು ಮೊದಲು ಅದರಲ್ಲಿ ಮೀಯುವ ಪ್ರಜೆಗೆ ಸೇರಿದ್ದು.