ಹೆಣ್ಣು ಕರು ಬೇಕೆ? ಮೊದಲು ರಾಸನ್ನು ಆರಿಸಿ



ಹಸು ಗಂಡು ಕರು ಹಾಕಿದರೆ ಹಸುವನ್ನೋ, ಕೃತಕ ಗರ್ಭಧಾರಣೆ ಮಾಡಿದವರನ್ನೋ ದೂರುವುದು ನಮ್ಮಲ್ಲಿ ವಾಡಿಕೆ. ಇದರಲ್ಲಿ ಇಬ್ಬರ ತಪ್ಪೂ ಇಲ್ಲ. ಕರು ಹೆಣ್ಣೋ ಗಂಡೋ ಎಂಬುದು ಹೋರಿಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆ. ಎಕ್ಸ್ ವರ್ಣತಂತುವಿನ ವೀರ್ಯಾಣು ಅಂಡಾಣುವನ್ನು ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ಸಾಮಾನ್ಯ ವೀರ್ಯದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಪಾಲಾಗಿರುತ್ತವೆ.

ಬೇರ್ಪಡಿಸುವುದು ಹೇಗೆ?

ಎಕ್ಸ್ ವೀರ್ಯಾಣುವಿನಲ್ಲಿ ಡಿ.ಎನ್.ಎ. ಸುಮಾರು ಶೇ. 4ರಷ್ಟು ಹೆಚ್ಚು. ಬಣ್ಣ ಹಿಡಿಸಿ ಲೇಸರ್ ಕಿರಣದ ಮುಂದೆ ಒಂದೊಂದಾಗಿ ಹಾಯಿಸಿದಾಗ ಅದು ಸ್ವಲ್ಪ ಹೆಚ್ಚು ಹೊಳೆಯುತ್ತದೆ. ಆ ಹೊಳಪನ್ನು ಗುರುತಿಸಿ ಯಂತ್ರವು ಬೇರ್ಪಡಿಸುತ್ತದೆ. ಹೀಗೆ ತಯಾರಾದ ಲಿಂಗ ನಿರ್ಧರಿತ ವೀರ್ಯದಿಂದ ಹುಟ್ಟುವ 100 ಕರುಗಳಲ್ಲಿ ಸುಮಾರು 90 ಹೆಣ್ಣು. ಉಳಿದವು ಗಂಡೇ ಎಂಬುದು ನೆನಪಿರಲಿ.

ಗಬ್ಬ ನಿಲ್ಲುವುದು ಏಕೆ ಕಡಿಮೆ?

ಸಾಮಾನ್ಯ ವೀರ್ಯದ ಒಂದು ನಳಿಕೆಯಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿರುತ್ತವೆ. ಲಿಂಗ ನಿರ್ಧರಿತ ನಳಿಕೆಯಲ್ಲಿ ಇರುವುದು ಸುಮಾರು 20ರಿಂದ 40 ಲಕ್ಷ ಮಾತ್ರ. ಯಂತ್ರದಲ್ಲಿ ಹಾಯ್ದು ದಣಿದ ಇವುಗಳಿಗೆ ಗರ್ಭಕೋಶದೊಳಗೆ ಆಯುಸ್ಸೂ ಕಡಿಮೆ. ಆದ್ದರಿಂದ ಗಬ್ಬ ನಿಲ್ಲುವ ಪ್ರಮಾಣ ಸಾಮಾನ್ಯ ವೀರ್ಯಕ್ಕಿಂತ ಕಡಿಮೆ. ಒಮ್ಮೆ ತಪ್ಪಿದರೆ ನಳಿಕೆಯ ಹಣದ ಜೊತೆಗೆ 21 ದಿನಗಳ ಮೇವು, ಹಿಂಡಿಯೂ ನಷ್ಟ.

ಯಾವ ರಾಸಿಗೆ ಕೊಡಿಸಬೇಕು?

ಚೆನ್ನಾಗಿ ಬೆಳೆದ, ಸರಿಯಾಗಿ 21 ದಿನಕ್ಕೊಮ್ಮೆ ಬೆದೆಗೆ ಬರುವ ಕಡಸು ಇದಕ್ಕೆ ಉತ್ತಮ. ಹೆಣ್ಣು ಕರು ಗಾತ್ರದಲ್ಲಿ ಚಿಕ್ಕದಿರುವುದರಿಂದ ಕಡಸಿಗೆ ಹೆರಿಗೆಯೂ ಸುಲಭ. ಒಂದೆರಡು ಸೂಲು ಕಂಡ, ಬೇಗ ಗಬ್ಬ ನಿಲ್ಲುವ ಆರೋಗ್ಯವಂತ ಹಸುವಿಗೂ ಕೊಡಿಸಬಹುದು. ಆದರೆ ಪದೇ ಪದೇ ಬೆದೆಗೆ ತಿರುಗುವ, ಬಡಕಲಾದ, ಲೋಳೆಯಲ್ಲಿ ಕೀವು ಕಾಣುವ ಹಸುವಿಗೆ ಬೇಡವೇ ಬೇಡ. ಅದಕ್ಕೆ ಮೊದಲು ಚಿಕಿತ್ಸೆ ಮಾಡಿಸಿ.

ನೀವು ಮಾಡಬೇಕಾದದ್ದು

1. ರಾಸು ಇತರ ರಾಸುಗಳಿಗೆ ಹಾರಲು ಬಿಟ್ಟು ನಿಲ್ಲತೊಡಗಿದ ಹೊತ್ತನ್ನು ಬರೆದಿಟ್ಟು ತಿಳಿಸಿ. ಸಾಮಾನ್ಯ ವೀರ್ಯವನ್ನು ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೊಡಿಸುತ್ತೇವೆ. ಇದನ್ನು ತುಸು ತಡವಾಗಿ, 16ರಿಂದ 24 ಗಂಟೆಯೊಳಗೆ ಕೊಡಿಸಬೇಕು.

2. ನಳಿಕೆ ಕರಗಿಸಲು ಉಗುರುಬೆಚ್ಚನೆ ನೀರು ಸಿದ್ಧವಿಡಿ. ಮೈನಸ್ 196 ಡಿಗ್ರಿ ಶೀತದಿಂದ ತೆಗೆದ ನಳಿಕೆಯನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಅದ್ದಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸಿದರೆ ಇರುವ ಅಲ್ಪಸ್ವಲ್ಪ ವೀರ್ಯಾಣುಗಳೂ ಸಾಯುತ್ತವೆ. ಥರ್ಮಾಮೀಟರ್ ಬಳಸುವಂತೆ ಕೇಳಲು ಸಂಕೋಚ ಬೇಡ.

3. ರಾಸನ್ನು ನೆರಳಿನಲ್ಲಿ ಕಟ್ಟಿ. ಬಿಸಿಲಿನಲ್ಲಿ ನಡೆಸಿ ತಂದ ಕೂಡಲೇ ಕೊಡಿಸಬೇಡಿ.

4. ನಳಿಕೆಯ ಮೇಲಿನ ಹೋರಿ ಸಂಖ್ಯೆ ಮತ್ತು ಗರ್ಭಧಾರಣೆಯ ದಿನಾಂಕ ಬರೆದಿಡಿ. ಮತ್ತೆ ಬೆದೆಗೆ ಬಾರದಿದ್ದರೂ ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ.

ಹೆಣ್ಣು ಕರುವಿನ ಆಸೆ ಸಹಜ. ಆದರೆ ಮೊದಲು ಗಬ್ಬ ನಿಲ್ಲಬೇಕು. ಯಾವ ರಾಸಿಗೆ ಯಾವ ವೀರ್ಯ ಎಂಬುದನ್ನು ಬೆದೆ ಬರುವ ಮೊದಲೇ ನಿಮ್ಮ ಪಶುವೈದ್ಯರೊಡನೆ ಕುಳಿತು ತೀರ್ಮಾನಿಸಿ.