ಹಾಲು ಕೆಡದಂತೆ ಕಪ್ಪೆ ಕಾವಲು!

ನಿಮಗಿದು ಗೊತ್ತೆ?

ಫ್ರಿಜ್ ಇಲ್ಲದ ಕಾಲದಲ್ಲಿ ರಷ್ಯಾ ಮತ್ತು ಫಿನ್‌ಲೆಂಡ್‌ನ ಹಳ್ಳಿಗರು ಹಾಲು ಹುಳಿಯಾಗದಿರಲೆಂದು ಪಾತ್ರೆಯೊಳಕ್ಕೆ ಜೀವಂತ ಕಪ್ಪೆ ಬಿಡುತ್ತಿದ್ದರು!

ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇದು ಬರೀ ಮೂಢನಂಬಿಕೆಯಲ್ಲ. ಕಪ್ಪೆಯ ಮೈ ಸದಾ ಒದ್ದೆ. ಕೆಸರು, ನಿಂತ ನೀರಿನಂಥ ತೇವದ ಜಾಗಗಳಲ್ಲೇ ಹೆಚ್ಚಾಗಿ ಅದರ ಬದುಕು. ಅಲ್ಲಿ ತುಂಬಿರುವ ರೋಗಾಣುಗಳಿಂದ ಪಾರಾಗಲು ಅದರ ಚರ್ಮದ ಗ್ರಂಥಿಗಳು ಲೋಳೆ ಸ್ರವಿಸುತ್ತವೆ. ಆ ಲೋಳೆಯಲ್ಲಿ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕುಗಳಿರುತ್ತವೆ. ಇವು ಬ್ಯಾಕ್ಟೀರಿಯಾಗಳ ಹೊರಪೊರೆಯನ್ನೇ ತೂತು ಮಾಡಿ ಕೊಲ್ಲಬಲ್ಲವು.

2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಷ್ಯಾದ ಕಂದು ಕಪ್ಪೆಯ ಚರ್ಮದ ಸ್ರಾವವನ್ನು ಪರೀಕ್ಷಿಸಿದರು. ಅದುವರೆಗೆ ಗೊತ್ತಿರದ 76 ಪೆಪ್ಟೈಡ್‌ಗಳು ಸಿಕ್ಕವು. ಕೆಲವಂತೂ ಸಾಲ್ಮೊನೆಲ್ಲಾ, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳ ಮೇಲೆ ಕೆಲವು ಆ್ಯಂಟಿಬಯಾಟಿಕ್‌ಗಳಷ್ಟೇ ಪರಿಣಾಮ ತೋರಿದವು. ಹೊಸ ಔಷಧಿಗಳಿಗೆ ಇಲ್ಲಿ ದಾರಿ ಸಿಕ್ಕೀತೆಂಬುದು ವಿಜ್ಞಾನಿಗಳ ಆಸೆ.

ಹಾಗಂತ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಕಪ್ಪೆಯ ಮೈಮೇಲೂ ಸಾಲ್ಮೊನೆಲ್ಲಾ ಇರಬಹುದು. ಅದು ಹಾಲಿಗಿಳಿದರೆ ವಾಂತಿ, ಭೇದಿ, ಜ್ವರದ ಅಪಾಯ. ಮಕ್ಕಳಿಗೆ, ಹಿರಿಯರಿಗೆ ಚೆನ್ನಾಗಿ ಕಾಯಿಸಿದ ಹಾಲನ್ನೇ ಕೊಡಿ.