ಮೂಡಲ ಸಮುದ್ರದ ಚಂಡಮಾರುತವೂ ಕಾಗಿಣಾ ಕಣಿವೆಯ ನೆರೆಯೂ

ಕಮಲಾಪುರದ ಒಕ್ಕಲಿಗನಿಗೆ ಸಮುದ್ರವೆಂಬುದು ಬಹು ದೂರದ ಮಾತು. ಮೂಡಲ ಕಡಲ ದಂಡೆಯ ಕಾಕಿನಾಡಾ ಪಟ್ಟಣವು ಕಲಬುರಗಿಯಿಂದ ನೆಟ್ಟಗೆ ಅಳೆದರೂ ಸುಮಾರು 570 ಕಿಲೋಮೀಟರು ದೂರದಲ್ಲಿದೆ. ಆದಕಾರಣ ಬಂಗಾಳ ಉಪಸಾಗರದಲ್ಲಿ ಗಾಳಿ ಎದ್ದಿತೆಂಬ ವರ್ತಮಾನ ಬಂದಾಗ, ಅದು ಮೀನುಗಾರರ ಚಿಂತೆಯೇ ಹೊರತು ತೊಗರಿ ಬೆಳೆಯುವವರದಲ್ಲವೆಂದು ಈ ಸೀಮೆಯವರು ಭಾವಿಸುವುದು ಸಹಜ. ಈ ಭಾವನೆ ಎಷ್ಟು ತಪ್ಪೆಂಬುದನ್ನು 2020ನೆಯ ಇಸವಿಯ ಚಿತ್ತಾ ಮಳೆಯು ತೋರಿಸಿಕೊಟ್ಟಿತು.

ಆ ವರ್ಷದ ಅಕ್ಟೋಬರ್ 13ರ ಬೆಳಗಿನಲ್ಲಿ ಒಂದು ತೀವ್ರ ವಾಯುಭಾರ ಕುಸಿತವು ಕಾಕಿನಾಡಾದ ಬಳಿ ನೆಲವನ್ನು ಮುಟ್ಟಿತು. ಗಾಳಿಯ ವೇಗವು ಗಂಟೆಗೆ 62 ಕಿಲೋಮೀಟರು ಆದ ಮೇಲೆಯೇ ಹವಾಮಾನ ಇಲಾಖೆಯವರು ಚಂಡಮಾರುತವೆಂದು ಕರೆದು ಅದಕ್ಕೊಂದು ಹೆಸರಿಡುವುದು ವಾಡಿಕೆ. ಇದು ಆ ದರ್ಜೆಗೆ ಏರಲಿಲ್ಲವಾಗಿ ಇದಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದುದಕ್ಕೆ ಜನರು ಅಂಜುವುದೂ ಕಡಿಮೆ. ಆದರೆ ಅದು ತೆಲಂಗಾಣವನ್ನು ಹಾದು, ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರಗಳ ಮೇಲೆ ಸರಿದು, ಅರಬ್ಬೀ ಸಮುದ್ರವನ್ನು ಸೇರಲು ಸುಮಾರು 3 ದಿನಗಳನ್ನು ತೆಗೆದುಕೊಂಡಿತು. ಸೈಕಲ್ ಸವಾರನ ನಡಿಗೆಗಿಂತ ಅದರ ನಡಿಗೆ ಹೆಚ್ಚಿನದಾಗಿರಲಿಲ್ಲ. ಹೈದರಾಬಾದಿನ ಬೀದಿಗಳು ಹೊಳೆಗಳಾದವು. ಕಾಗಿಣಾ ನದಿಯು ಉಕ್ಕಿ ಸೇಡಂ ಸೀಮೆಯ ಹೊಲಗಳನ್ನೂ, ರಾಷ್ಟ್ರಕೂಟರ ಹಳೆಯ ರಾಜಧಾನಿಯಾದ ಮಳಖೇಡವನ್ನೂ ನುಗ್ಗಿತು.

ಸಮುದ್ರದ ಸುಳಿಗಾಳಿಗೆ ಬಲವನ್ನು ಕೊಡುವುದು ಬಿಸಿಯಾದ ಕಡಲ ನೀರಿನ ಆವಿ. ನೆಲಕ್ಕೆ ಬಂದೊಡನೆ ಆ ಆಹಾರವು ಕಡಿದುಹೋಗಿ, ಗಿಡ ಗುಡ್ಡಗಳ ತಡೆಯಿಂದ ಗಾಳಿಯು ಒಂದೆರಡು ದಿನಗಳಲ್ಲಿ ಸೋಲುತ್ತದೆ. ಸೋಲುವುದು ಗಾಳಿ ಮಾತ್ರವೇ. ಅದು ಹೊತ್ತು ತಂದ ಆವಿ ಹಾಗೆಯೇ ಉಳಿದಿರುತ್ತದೆ. ಅದರ ಸುತ್ತಲಿನ ತಿರುಗು ಪ್ರವಾಹವು ಎರಡು ಕಡಲುಗಳಿಂದಲೂ ಹೊಸ ಆವಿಯನ್ನು ಸೆಳೆಯುತ್ತಿರುವುದೂ ಉಂಟು. ಆದುದರಿಂದ ಒಳನಾಡಿನಲ್ಲಿ ಗಾಳಿಯ ರಭಸವನ್ನು ನೋಡಿ ಅಪಾಯವನ್ನು ಅಳೆಯತಕ್ಕದ್ದಲ್ಲ. ಅದರ ನಡಿಗೆಯನ್ನು ನೋಡಿ ಅಳೆಯತಕ್ಕದ್ದು.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮಳೆಯ ಮೋಡದ ಹರವು 200 ಕಿಲೋಮೀಟರು ಅಗಲವಾಗಿದ್ದು, ಅದರ ಕೆಳಗೆ ತಾಸಿಗೆ 10 ಮಿಲಿಮೀಟರು ಮಳೆ ಸುರಿಯುವುದೆಂದು ಇಟ್ಟುಕೊಳ್ಳೋಣ. ಅದು ತಾಸಿಗೆ 20 ಕಿಲೋಮೀಟರು ನಡೆದರೆ ಒಂದು ಹೊಲವನ್ನು 10 ತಾಸುಗಳಲ್ಲಿ ದಾಟುವುದು. ಹೊಲಕ್ಕೆ ಬೀಳುವ ಮಳೆ 100 ಮಿಲಿಮೀಟರು. ಅದೇ ಮೋಡವು ತಾಸಿಗೆ 8 ಕಿಲೋಮೀಟರು ನಡೆದರೆ 25 ತಾಸು ಅಲ್ಲಿಯೇ ನಿಂತು 250 ಮಿಲಿಮೀಟರನ್ನು ಸುರಿಯುವುದು. ಕಲಬುರಗಿಗೆ ಇಡೀ ವರ್ಷದಲ್ಲಿ ಬೀಳುವ ಮಳೆ ಸುಮಾರು 750 ಮಿಲಿಮೀಟರು. ಅಂದರೆ ಮೂರರಲ್ಲಿ ಒಂದು ಪಾಲು ಒಂದೇ ದಿನದಲ್ಲಿ. ಅಮೇರಿಕಾ ದೇಶದಲ್ಲಿ 2018ರ ಸೆಪ್ಟೆಂಬರ್ 14ರಂದು ಉತ್ತರ ಕೆರೊಲಿನಾ ಕರಾವಳಿಯನ್ನು ಮುಟ್ಟಿದ ಫ್ಲಾರೆನ್ಸ್ ಎಂಬ ಚಂಡಮಾರುತವು, ಗಾಳಿಯಲ್ಲಿ ಕೆಳದರ್ಜೆಗೆ ಇಳಿದಿದ್ದರೂ, ಕೆಲವು ಹೊತ್ತು ಮನುಷ್ಯನ ಕಾಲ್ನಡಿಗೆಯ ವೇಗದಲ್ಲಿಯೇ ತೆವಳಿ, ಒಂದು ಊರಿನಲ್ಲಿ ಸುಮಾರು 36 ಅಂಗುಲ ಮಳೆಯನ್ನು ಸುರಿಸಿತು.

ಎರೆಭೂಮಿಯ ಗುಣವೂ ಇಲ್ಲಿ ಸೇರಿಕೊಳ್ಳುತ್ತದೆ. ಬೇಸಗೆಯಲ್ಲಿ ಬಾಯ್ದೆರೆದ ಎರೆಯ ಬಿರುಕುಗಳು ಮೊದಲ ಮಳೆಗಳನ್ನು ತಳಮಟ್ಟ ಕುಡಿಯುವವು. ಹಸ್ತ ಚಿತ್ತಾ ಮಳೆಗಳ ಹೊತ್ತಿಗೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿ, ನೆಲವು ಎಣ್ಣೆ ಹಚ್ಚಿದ ತೊಗಲಿನಂತೆ ಆಗಿರುವುದು. ಕೆರೆಗಳೂ ಕೃಷಿಹೊಂಡಗಳೂ ತುಂಬಿರುವವು. ಜೂನ್ ತಿಂಗಳಲ್ಲಿ ವರವಾಗಬಹುದಾಗಿದ್ದ 100 ಮಿಲಿಮೀಟರು ಮಳೆಯು ಅಕ್ಟೋಬರಿನಲ್ಲಿ ಬಹುಪಾಲು ಹರಿದೇ ಹೋಗಬೇಕು. ಒಂದು ಎಕರೆಗೆ ಅದು ಸುಮಾರು 4 ಲಕ್ಷ ಲೀಟರು ನೀರು.

ಈ ಸೀಮೆಯಲ್ಲಿ ಪರ್ವತಗಳಿಲ್ಲ. ಆದರೆ ಚಿಂಚೋಳಿಯ ಕಾಡುಗುಡ್ಡಗಳೂ, ಬೀದರದ ಕೆಂಪುಕಲ್ಲಿನ ಪ್ರಸ್ಥಭೂಮಿಯ ಇಳಿಜಾರುಗಳೂ, ಪೂರ್ವಕ್ಕೆ ವಿಕಾರಾಬಾದಿನ ಅನಂತಗಿರಿ ಗುಡ್ಡಗಳೂ ನೀರನ್ನು ಬೇಗನೆ ಇಳಿಯಬಿಡಲು ಸಾಕಷ್ಟು ಎತ್ತರವಾಗಿವೆ. ಬೆಣ್ಣೆತೊರಾ, ಗಂಡೋರಿ ನಾಲಾ, ಮುಲ್ಲಾಮಾರಿ ಮೊದಲಾದ ಹೊಳೆಗಳ ನೀರೆಲ್ಲ ಕೊನೆಗೆ ಕಾಗಿಣೆಗೆ. ಕಾಗಿಣೆಯು ಹೊನಗುಂಟದ ಬಳಿ ಭೀಮೆಗೆ. ಕಮಲಾಪುರದ ಹೊಲದಿಂದ ಜಾರಿದ ನೀರೇ ಮಳಖೇಡದವರ ನೆರೆ.

ಅನಂತಗಿರಿಯ ಒಂದು ಮಗ್ಗುಲಿನ ನೀರು ಕಾಗಿಣೆಗೆ ಇಳಿದರೆ ಇನ್ನೊಂದು ಮಗ್ಗುಲಿನದು ಮೂಸಿಗೆ ಇಳಿಯುತ್ತದೆ. ಆ ಮೂಸಿಯೇ 1908ನೆಯ ಇಸವಿ ಸೆಪ್ಟೆಂಬರ್ 28ರಂದು ಅಂದಿನ ನಿಜಾಮರ ರಾಜಧಾನಿಯನ್ನು ಕೊಚ್ಚಿದ್ದು. ಸತ್ತವರು ಸುಮಾರು 15,000 ಎಂದು ಅಂದಾಜು. ಶಂಶಾಬಾದಿನಲ್ಲಿ 24 ತಾಸುಗಳಲ್ಲಿ 12.8 ಅಂಗುಲ, 48 ತಾಸುಗಳಲ್ಲಿ 18.9 ಅಂಗುಲ ಮಳೆ ಬಿದ್ದಿತ್ತು. ಅನಂತರ ವಿಚಾರಣೆಗೆಂದು ಕರೆಸಲ್ಪಟ್ಟ ಎಂ. ವಿಶ್ವೇಶ್ವರಯ್ಯನವರು ಎಣಿಸಿದ ಮೇರೆಗೆ, ಮೂಸಿಯ ಜಲಾನಯನದ 788 ಕೆರೆಗಳ ಪೈಕಿ 221 ಒಡೆದಿದ್ದವು. ಅವರ ಸಲಹೆಯಿಂದಲೇ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಕಟ್ಟಲ್ಪಟ್ಟವು. ರಾಜಧಾನಿಗೆ ಜಲಾಶಯಗಳು ದೊರೆತವು. ಹಳ್ಳಿಯ ಕೆರೆಗೆ ಕಾವಲು ಹಳ್ಳಿಯವರೇ.

ಈ ಸಂಖ್ಯೆಯನ್ನು ಕೆರೆಯುಳ್ಳ ಪ್ರತಿಯೊಂದು ಊರಿನವರೂ ನೆನಪಿನಲ್ಲಿಡತಕ್ಕದ್ದು. ಒಂದೇ ಹಳ್ಳದ ಮೇಲೆ ಸರಪಳಿಯಂತಿರುವ ಕೆರೆಗಳಲ್ಲಿ ಮೇಲಿನದೊಂದು ಒಡೆದರೆ ಕೆಳಗಿನದು ಮಳೆಯ ನೀರಿನ ಜೊತೆಗೆ ಆ ಕೆರೆಯ ನೀರನ್ನೂ ಏಕಕಾಲಕ್ಕೆ ತಾಳಬೇಕಾಗುವುದು. ತಾಳಲಾರದೆ ಅದೂ ಒಡೆಯುವುದು. ಕೆರೆಗಳು ಒಡೆಯುವುದಕ್ಕೆ ದೈವವನ್ನೇ ದೂರಲಾಗದು. ಮೀನಿನ ಆಸೆಗೋ, ಇನ್ನೊಂದು ಮೊಳ ನೀರು ನಿಲ್ಲಲೆಂದೋ ಕೋಡಿಗೆ ಕಲ್ಲು, ಮರಳಿನ ಚೀಲಗಳನ್ನು ಅಡ್ಡಹಾಕುವುದು ಹಲವೆಡೆ ರೂಢಿಯಾಗಿದೆ. ಬರಗಾಲವನ್ನು ಕಂಡ ಜನರಿಗೆ ನೀರಿನ ಮೇಲೆ ಮೋಹವಿರುವುದು ತಪ್ಪಲ್ಲ. ಆದರೆ ಭಾದ್ರಪದ ಮುಗಿಯುವುದರೊಳಗೆ ಆ ಅಡ್ಡವನ್ನು ತೆಗೆದು, ಕೋಡಿಯ ಮುಂದಿನ ಜಾಲಿಯನ್ನು ಕಡಿಸಬೇಕು. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಕಾದು ನೋಡಬಹುದು. ಕೆಸರುನೀರು ಬಂದರೆ ಏರಿಯ ಮಣ್ಣೇ ಹೊರಡುತ್ತಿದೆಯೆಂದು ತಿಳಿದು, ಕೆಳಗಿನ ಕೇರಿಯವರನ್ನು ಆ ಕ್ಷಣವೇ ಎಬ್ಬಿಸಬೇಕು.

ಭೀಮೆಯ ನೆರೆಯ ರೀತಿ ಬೇರೆ. ಅದು ಸಹ್ಯಾದ್ರಿಯಿಂದಲೂ ಮಹಾರಾಷ್ಟ್ರದ ಉಜನಿ ಮೊದಲಾದ ಅಣೆಕಟ್ಟುಗಳಿಂದಲೂ ಬರತಕ್ಕದ್ದು. 2020ರಲ್ಲಿ ಕಲಬುರಗಿಯಲ್ಲಿ ಮಳೆ ನಿಂತು ಬಿಸಿಲು ಬಿದ್ದ ತರುವಾಯವೇ ಅಫಜಲಪುರ, ಜೇವರ್ಗಿ ತಾಲೂಕುಗಳ ಭೀಮಾತೀರದ ಹಳ್ಳಿಗಳು ಮುಳುಗಿದವು. ಭೀಮೆಯು ದಿನಗಳ ಅವಕಾಶವನ್ನು ಕೊಡುವಳು. ಕಾಗಿಣೆಯೂ ಅದರ ಹಳ್ಳಗಳೂ ಕೊಡುವುದು ತಾಸುಗಳನ್ನು. ಅದೂ ಬಹುಮಟ್ಟಿಗೆ ರಾತ್ರಿಯ ತಾಸುಗಳನ್ನು.

ಆದುದರಿಂದ ತಲೆಯ ಮೇಲಿನ ಆಕಾಶವನ್ನು ನೋಡಿ ನಿಶ್ಚಯಿಸುವುದು ಮೋಸಕ್ಕೆ ದಾರಿ. ಕಲಬುರಗಿಯ ಖೂಬಾ ಪ್ಲಾಟಿನಂಥ ಬಡಾವಣೆಗಳಲ್ಲಿ ಮನೆಮಾಡಿ, ಹುಮನಾಬಾದ ಹಾದಿಯ ಕಮಲಾಪುರದ ಕಡೆಗೆ ಹೊಲವನ್ನು ಪಾಲಿಗೆ ಕೊಟ್ಟಿರುವ ಯಜಮಾನರು ಇದ್ದಾರೆ. ಮನೆಯ ಮಾಳಿಗೆಯ ಮೇಲೆ ತುಂತುರಷ್ಟೇ ಬಿದ್ದುದನ್ನು ಕಂಡು, ನಾಳೆ ಸೋಯಾ ರಾಶಿ ಮಾಡಿಸೆಂದು ಫೋನಿನಲ್ಲಿ ಹೇಳುವವರು, ಹಳ್ಳದ ಆಚೆ ಕಣ ಕಾಯುವ ಆಳಿನ ಜೀವವನ್ನು ಪಣಕ್ಕಿಡುತ್ತಾರೆ. ಹೇಳುವ ಮುನ್ನ ಪೂರ್ವದಿಕ್ಕಿನ ವರ್ತಮಾನವನ್ನು ವಿಚಾರಿಸಬೇಕು: ಕುಸಿತವು ಎಲ್ಲಿದೆ, ತಾಸಿಗೆ ಎಷ್ಟು ಸರಿಯುತ್ತಿದೆ, ತಾಂಡೂರು ವಿಕಾರಾಬಾದುಗಳಲ್ಲಿ ಮಳೆ ಎಷ್ಟು. ಹವಾಮಾನ ಇಲಾಖೆಯು ದಿನಕ್ಕೆ 64.5 ಮಿಲಿಮೀಟರು ದಾಟಿದುದನ್ನು ಭಾರೀ ಮಳೆಯೆಂದೂ, 115.6ರಿಂದ ಅತಿ ಭಾರೀ ಎಂದೂ, 204.4ನ್ನು ಮೀರಿದುದನ್ನು ಅತ್ಯಂತ ಭಾರೀ ಎಂದೂ ಎಣಿಸುತ್ತದೆ. ಕೆಂಪು ಸೂಚನೆ ಬಂದ ದಿನ ಹಳ್ಳದ ಆಚೆಯ ಕೆಲಸವನ್ನು ಯಾರಿಗೂ ಹೇಳಕೂಡದು.

ಸೂಚನೆ ಬಂದ ಮೇಲೆ ಹೊಲದಲ್ಲಿ ಮಾಡತಕ್ಕದ್ದು ಸ್ವಲ್ಪವೇ. ಆದರೆ ಮಳೆಗೆ ಮೊದಲೇ ಆಗಬೇಕು. ಒಡ್ಡಿನ ತಗ್ಗಿನ ಕಡೆಯ ನೀರುಗಂಡಿಯನ್ನು ಬಿಡಿಸಿ, ತೊಗರಿಯ ಸಾಲುಗಳಿಂದ ಅದಕ್ಕೆ ಬಸಿಗಾಲುವೆಯನ್ನು ತೆಗೆಯಬೇಕು. ಹೊಳೆದಂಡೆಯ ಪಂಪುಸೆಟ್ಟನ್ನು ಎತ್ತರಕ್ಕೆ ಸಾಗಿಸಬೇಕು. ಹಿಂಗಾರಿ ಜೋಳದ ಬಿತ್ತನೆಯನ್ನು ತಡೆಯಬೇಕು, ಗೊಬ್ಬರವನ್ನು ಎರಚಕೂಡದು. ಕಮಲಾಪುರದ ಹೆಸರಾದ ಕೆಂಪು ಬಾಳೆಯು ಎತ್ತರದ ಗಿಡವಾದುದರಿಂದ, ನೆಲ ನೆನೆದೊಡನೆ ಗೊನೆಯ ಭಾರಕ್ಕೆ ಬೇರು ಸಮೇತ ಒರಗುವುದು. ಗೊನೆ ಹೊತ್ತವುಗಳಿಗೆ ಊರುಗೋಲು ಕೊಡಬೇಕು. ರಾತ್ರಿ ದನಗಳನ್ನು ಹಳ್ಳದ ಬದಿಯ ಕೊಟ್ಟಿಗೆಯಲ್ಲಿ ಕಟ್ಟಬಾರದು. ಬಿಟ್ಟ ದನ ಈಜಿ ಉಳಿದೀತು, ಕಟ್ಟಿದ ದನ ನಿಂತಲ್ಲಿಯೇ ಸಾಯುವುದು. ಸೇತುವೆಯ ಮೇಲೆ 2 ಅಡಿ ಹರಿವ ನೀರು ಮೋಟಾರು ಗಾಡಿಯನ್ನೇ ತೇಲಿಸಬಲ್ಲದು.

ನೆರೆ ಇಳಿದ ಬಳಿಕ, ವಿಮೆ ಮಾಡಿಸಿದವರು ಹಾನಿಯನ್ನು 72 ತಾಸುಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ರಸ್ತೆ ತೆರೆಯಲೆಂದು ಕಾಯುತ್ತ ಕುಳಿತರೆ ಆ ಅವಧಿ ತೀರಿಹೋಗುವುದು. ತೊಗರಿಯ ಬುಡದಲ್ಲಿ 2 ದಿನಕ್ಕಿಂತ ಹೆಚ್ಚು ನೀರು ನಿಂತರೆ ಬೇರು ಉಸಿರುಕಟ್ಟಿ ಕೊಳೆಯುವುದಲ್ಲದೆ ನೆಟೆ ರೋಗಕ್ಕೂ ಆಸ್ಪದವಾಗುವುದು. ನೀರು ಬಸಿದು ಗಿಡಕ್ಕೆ ಜೀವವಿದ್ದು ಎಲೆ ಮಾತ್ರ ಹಳದಿಯಾಗಿದ್ದರೆ, 100 ಲೀಟರು ನೀರಿಗೆ 2 ಕಿಲೋ ಯೂರಿಯಾ ಕರಗಿಸಿ ಸಿಂಪಡಿಸಬಹುದು. ಹಸಿ ಎರೆಯಲ್ಲಿ ಕುಂಟೆ ಹೊಡೆಯುವುದು ಮಣ್ಣನ್ನು ಇಟ್ಟಿಗೆ ಮಾಡಿದಂತೆ. ಬೆಳೆ ಪೂರ್ತಿ ಹೋಗಿ, ಜೋಳದ ಕಾಲವೂ ಮೀರಿದ ಹೊಲಕ್ಕೆ ಕಡಲೆಯೇ ತಕ್ಕದ್ದು. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ಮಣ್ಣು ಕೈಯಲ್ಲಿ ಹಿಡಿದರೆ ಅಂಟದೆ ಪುಡಿಯಾಗುವ ಹದಕ್ಕೆ ಬಂದ ದಿನ ಬಿತ್ತಬೇಕು.